ಲಾರಿಯಾಗಲು ಹೊರಟ ಪಿಕಪ್

ಗಾಡಿ ಕಟ್ಟುವವರ ಗ್ಯಾರೇಜಿನಲ್ಲಿ ನಗುವ ಪ್ರಸಂಗಗಳಿಗೆ ಯಾವತ್ತೂ ಕೊರತೆ ಬಿದ್ದಿಲ್ಲ. ಗಾಡಿ ಪಾಪ ಸುಮ್ಮನೆ ನಿಂತಿರುತ್ತದೆ, ಅದರ ಜೊತೆ ಬಂದವರು ಸುಮ್ಮನಿರುವುದಿಲ್ಲ. ರಾಮದುರ್ಗದಲ್ಲಿ ನನ್ನದೊಂದು ಗ್ಯಾರೇಜಿದೆ. ಪಿಕಪ್ಪುಗಳಿಗೆ ಬಾಡಿ ಕಟ್ಟುವುದು, ಚಾಸಿ ಗಟ್ಟಿ ಮಾಡುವುದು, ಒಟ್ಟಿನಲ್ಲಿ ಕಂಪನಿಯವರು ಇಷ್ಟೇ ಹೊರಲಿ ಎಂದು ಕಳಿಸಿದ ಗಾಡಿಯನ್ನು ಇನ್ನಷ್ಟು ಹೊರುವಂತೆ ಮಾಡುವುದು ನನ್ನ ಕಸುಬು. ಸವದತ್ತಿ, ಬೈಲಹೊಂಗಲ, ಅಷ್ಟು ದೂರದ ಕಿತ್ತೂರಿನಿಂದಲೂ ಗಾಡಿಗಳು ಬರುತ್ತವೆ. ಬಂದವರೆಲ್ಲ ಏನಾದರೊಂದು ನಗೆ ಬಿಟ್ಟೇ ಹೋಗುತ್ತಾರೆ. ಆದರೆ ಒಂದೇ ಗಾಡಿ ಬಿಟ್ಟೂಬಿಡದೆ ನಗಿಸಿದ್ದು ಮಾತ್ರ ಇದೊಂದೇ. ನಕ್ಕವರು ನಾವು, ಗಾಡಿಯ ಮಾಲಕರು ಒಮ್ಮೆಯೂ ನಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ದುಡಿಯುವ ಗಾಲಿಗಳು

ಗಾಡಿಯ ಮಾಲಕರು ಸುರೇಬಾನದ ಒಬ್ಬ ರೈತರು. ಊರಿಗೆಲ್ಲ ಕಾಕಾ, ಹೀಗಾಗಿ ನನಗೂ ಕಾಕಾ. ಒಂದು ಮುಂಜಾನೆ ಅವರು ಪಿಕಪ್ ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಒಳಗೆ ಮೇಲಿನವರೆಗೂ ಉಳ್ಳಾಗಡ್ಡಿ ಚೀಲ. ಭಾರಕ್ಕೆ ಹಿಂಭಾಗ ಕುಸಿದು, ಮೂತಿ ಮೇಲೆದ್ದು, ಗಾಡಿ ಆಕಳಿಸುತ್ತ ಕುಳಿತ ನಾಯಿಯ ಹಾಗೆ ಕಾಣುತ್ತಿತ್ತು.

"ಮಾಲಕರ, ಇದನ್ನ ಲಾರಿ ಮಾಡಿಕೊಡ್ರಿ" ಎಂದರು ಕಾಕಾ.

"ಲಾರಿ ಬೇಕಾಗಿದ್ರ ಲಾರಿನ ತಗೋಬೇಕಾಗಿತ್ತಲ್ರಿ ಕಾಕಾ."

"ಲಾರಿ ನಮ್ಮ ಓಣ್ಯಾಗ ಹೊಳ್ಳಂಗಿಲ್ಲ. ಪಿಕಪ್ ಇರಬೇಕು, ಜೀವ ಮಾತ್ರ ಲಾರೀದು ಇರಬೇಕು."

ಕೆಲಸ ಹಿಡಿಯುವ ಮುಂಚೆ ಎಲ್ಲರಿಗೂ ಹೇಳುವ ಮಾತನ್ನು ಅವರಿಗೂ ಹೇಳಿದೆ. ಇದು ಹಿಂದಿನ ಎರಡು ಗಾಲಿಗಳಿಂದ ಓಡುವ ಗಾಡಿ, ಎಂಜಿನ್ನಿನ ಶಕ್ತಿಯೆಲ್ಲ ಹಿಂದಕ್ಕೇ ಹೋಗುತ್ತದೆ, ಹಸಿ ಎರೆಮಣ್ಣಿನ ಹೊಲಕ್ಕೆ ಇಳಿಸಿದರೆ ಸಿಕ್ಕಿಬೀಳುತ್ತದೆ ಎಂದು ತಿಳಿಸಿದೆ. ಕಾಕಾ ನಂಬಲಿಲ್ಲ. ತಾವು ಓಡಿಸುವಾಗ ತಲೆ ಹೊರಗೆ ಹಾಕಿ ನೋಡಿದ್ದಾರಂತೆ, ಮುಂದಿನ ಗಾಲಿಗಳೂ ತಿರುಗುತ್ತಿದ್ದವಂತೆ.

"ತಿರಗತಾವ್ರಿ. ಆದ್ರ ಅವು ದುಡಿಯಂಗಿಲ್ಲ. ಹಿಂದಿನವು ನೂಕತಾವ, ಮುಂದಿನವು ಸುಮ್ನ ಜೋಡಿ ತಿರಗತಾವ."

ಕಾಕಾ ಸ್ವಲ್ಪ ಹೊತ್ತು ಗಾಡಿಯ ಮುಂದಿನ ಗಾಲಿಗಳನ್ನು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು, "ಬಿಡ್ರಿ, ನಮ್ಮ ಮನ್ಯಾಗೂ ಹಿಂಗ ಐತಿ. ದುಡಿಯಾವ್ರು ಇಬ್ರ, ಉಳದಾವ್ರು ಜೋಡಿ ತಿರಗತಾರ."

ಇನ್ನೊಂದು ಪಾಟಾ

ಇಷ್ಟು ಅವಸರ ಯಾಕೆಂದು ಕೇಳಿದಾಗ ಕಾಕಾ ನಿಜವಾದ ಕಾರಣ ಹೇಳಿದರು. ಅವರ ಒಬ್ಬಳೇ ಮಗಳನ್ನು ಹೂಲಿಗೆ ಕೊಟ್ಟಿದ್ದಾರೆ. ಮದುವೆಯಾದಾಗ ಕಾಕಾನ ಹತ್ತಿರ ಗಾಡಿ ಇರಲಿಲ್ಲ. ಮಗಳನ್ನು ಗಂಡನ ಮನೆಗೆ ಬಾಡಿಗೆ ಟೆಂಪೋದಲ್ಲಿ ಕಳಿಸಿದ್ದರು, ಅದು ದಾರಿಯಲ್ಲಿ ಕೆಟ್ಟು ನಿಂತು, ಮದುಮಗಳು ಬಿಸಿಲಲ್ಲಿ ರಸ್ತೆಯ ಪಕ್ಕ ಕೂರಬೇಕಾಗಿ ಬಂದಿತ್ತು. ಈಗ ಅವಳು ಬಸುರಿ. ಏಳನೇ ತಿಂಗಳಲ್ಲಿ ಕುಬಸ, ಎಂದರೆ ಸೀಮಂತ ಮಾಡಿ, ಮೊದಲ ಹೆರಿಗೆಗೆ ತವರಿಗೆ ಕರೆತರಬೇಕು.

"ಬಾಡಗಿ ಗಾಡ್ಯಾಗ ಕಳಿಸಿದ್ದು ನನಗ ಇನ್ನೂ ನುಂಗಾಕ ಆಗಿಲ್ಲ. ಹೊಳ್ಳಿ ಬರೂಮುಂದ ಆಕಿ ಅಪ್ಪನ ಗಾಡ್ಯಾಗ ಬರಬೇಕು. ಅಷ್ಟ" ಎಂದರು. ನಾನೂ ಒಬ್ಬ ಮಗಳ ಅಪ್ಪ, ಆ ಮಾತು ಕೇಳಿ ಕೆಲಸ ಬೇಗ ಮುಗಿಸಬೇಕೆಂದು ನಿಜವಾಗಿಯೂ ಅನಿಸಿತು.

ಹಿಂದಿನ ಗಾಲಿಗಳ ಮೇಲೆ ಒಂದರ ಮೇಲೊಂದು ಬಿಗಿದಿರುವ ಬಾಗಿದ ಉಕ್ಕಿನ ಪಟ್ಟಿಗಳಿಗೆ ನಮ್ಮ ಕಡೆ ಪಾಟಾ ಎನ್ನುತ್ತಾರೆ. ಗಾಡಿಯ ಭಾರವೆಲ್ಲ ಅವುಗಳ ಮೇಲೆ. ಪಾಟಾ ಹೆಚ್ಚಿಸಿದರೆ ಗಾಡಿ ಹೆಚ್ಚು ಹೊರುತ್ತದೆ, ಆದರೆ ಖಾಲಿ ಇದ್ದಾಗ ಕುಣಿಯುತ್ತದೆ. ನಮ್ಮ ಮಿಸ್ತ್ರಿ ಬೇಕಾದಷ್ಟು ಪಾಟಾ ಕೂಡಿಸಿ ಬೋಲ್ಟ್ ಬಿಗಿಯಲು ಹೋದಾಗ ಕಾಕಾ ತಡೆದರು.

"ಇನ್ನೊಂದು ಹಾಕ್ರಿ."

ಮಿಸ್ತ್ರಿ ಹಾಕಿದ.

"ಅದರ ಮ್ಯಾಲೆ ಇನ್ನೊಂದು."

"ಕಾಕಾ, ಖಾಲಿ ಇದ್ದಾಗ ಭಾಳ ಬಿರುಸು ಆಗತೈತ್ರಿ" ಎಂದೆ ನಾನು.

"ಖಾಲಿ ಯಾಕ ಓಡಸ್ಲಿ? ನಾ ಏನ್ ಗಾಳಿ ಮಾರಾಕ ಹೊಂಟೇನೇನು?"

ನಮ್ಮ ಮಿಸ್ತ್ರಿಗೆ ಗಿರಾಕಿಯ ಮಾತಿಗೆ ಇಲ್ಲವೆನ್ನಲು ಗೊತ್ತಿಲ್ಲ. ಕಾಕಾ ಹೇಳಿದಷ್ಟನ್ನೂ ಹಾಕಿ ಬಿಗಿದ. ಕೊನೆಗೆ ಪಾಟಾಗಳ ಕಟ್ಟು ಎಷ್ಟು ದಪ್ಪವಾಯಿತೆಂದರೆ, ಅದನ್ನು ಹಿಡಿಯುವ ಬೋಲ್ಟುಗಳನ್ನು ಬೇರೆಯದಾಗಿಯೇ ಮಾಡಿಸಬೇಕಾಯಿತು. ಚಾಸಿಗೂ ಉದ್ದಕ್ಕೆ ಪಟ್ಟಿ ಕೂಡಿಸಿ ವೆಲ್ಡಿಂಗ್ ಮಾಡಿದೆವು, ಟೈರುಗಳನ್ನೂ ದಪ್ಪನೆಯವಕ್ಕೆ ಬದಲಿಸಿದೆವು.

ಪರೀಕ್ಷೆ ಮಾಡಲೆಂದು ಕಾಕಾ ತಾವೇ ಗಾಡಿ ಹತ್ತಿ ಮಲಪ್ರಭೆಯ ಸೇತುವೆಯವರೆಗೆ ಹೋಗಿಬಂದರು. ಮರಳಿ ಬಂದಾಗ ರುಮಾಲು ಕೊರಳಿಗೆ ಇಳಿದಿತ್ತು. ಮುಖದ ಮೇಲೆ ಮಾತ್ರ ಸಂತೋಷ ಕಾಣುತ್ತಿತ್ತು.

"ಹೆಂಗೈತ್ರಿ ಕಾಕಾ?"

"ಗಟ್ಟಿ ಐತಿ. ಎಲಿ ಅಡಿಕಿ ಬಾಯಾಗ ಇಟ್ಕೊಂಡು ಹೋಗಿದ್ದೆ, ಅಗಿಯೂದ ಬೇಕಾಗ್ಲಿಲ್ಲ."

ಬುಟ್ಟಿ ಲೆಕ್ಕ

ಬಾಡಿ ಕಟ್ಟುವ ದಿನ ಕಾಕಾನ ಹೆಂಡತಿ ಬಂದರು. ಅವರನ್ನು ನಾವು ಚಿಗವ್ವ ಎನ್ನುತ್ತೇವೆ. ಕುಬಸಕ್ಕೆ ತವರಿನವರು ಬೀಗರ ಮನೆಗೆ ಬುತ್ತಿ ಒಯ್ಯಬೇಕು. ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಮಾದ್ಲಿ, ಚಟ್ನಿಪುಡಿಗಳು, ಮೊಸರನ್ನ, ಎಲ್ಲವೂ ಬುಟ್ಟಿ ಬುಟ್ಟಿ. ಬೀಗರ ಓಣಿಯ ಹೆಂಗಸರೆಲ್ಲ ಬಂದು ಬುತ್ತಿ ನೋಡುತ್ತಾರೆ. ಆಮೇಲೆ ಮನೆಮನೆಗೆ ಹಂಚುತ್ತಾರೆ. ಒಂದು ರೊಟ್ಟಿ ಮುಕ್ಕಾಗಿದ್ದರೂ ಅದು ತವರಿನ ಮರ್ಯಾದೆಯ ಪ್ರಶ್ನೆ.

ನಾನು ಟೇಪು ಹಿಡಿದು ಉದ್ದ ಎಷ್ಟು, ಅಗಲ ಎಷ್ಟು, ಬದಿಯ ಎತ್ತರ ಎಷ್ಟು ಎಂದು ಹೇಳತೊಡಗಿದೆ. ಚಿಗವ್ವ ಕೈ ಅಡ್ಡ ಮಾಡಿದರು.

"ಅದೆಲ್ಲ ನನಗ ಬ್ಯಾಡ. ಎಷ್ಟ ಬುಟ್ಟಿ ಹಿಡೀತೈತಿ?"

ನಾನು ಟೇಪು ಸುತ್ತಿಕೊಂಡೆ. ಬುಟ್ಟಿ ಲೆಕ್ಕಕ್ಕೆ ಅವರೇ ಸಿದ್ಧರಾಗಿ ಬಂದಿದ್ದರು. ಮನೆಯ ಬುಟ್ಟಿಗಳು, ಅಕ್ಕಪಕ್ಕದವರಿಂದ ಇಸಕೊಂಡ ಬುಟ್ಟಿಗಳು, ಎಲ್ಲವನ್ನೂ ಬಸ್ಸಿನಲ್ಲಿ ಹಾಕಿಕೊಂಡು ತಂದಿದ್ದರು. ಅವನ್ನು ಚಾಸಿಯ ಮೇಲೆ ಹಾಸಿದ್ದ ಹಲಗೆಗಳ ಮೇಲೆ ಸಾಲಾಗಿ ಇಟ್ಟು, ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದು, ಇದರ ಹೊರಗೆ ಬಾಡಿ ಕಟ್ಟಿರಿ ಎಂದರು. ಬದಿಗೆ ಹೂವಿನ ದಂಡಿ ತೂಗುಹಾಕಲು ಒಂದು ಗೂಟ ಬೇಕೆಂದರು. ವೆಲ್ಡಿಂಗ್ ಮಾಡುವವನು ಕೊಕ್ಕೆ ಹಚ್ಚಿದ. ಕೊಕ್ಕೆ ಆಗುವುದಿಲ್ಲ, ಗೂಟವೇ ಆಗಬೇಕೆಂದು ತೆಗೆಸಿದರು.

ನಾನು ಕೊನೆಯ ಪ್ರಯತ್ನ ಮಾಡಿದೆ. "ಚಿಗವ್ವಾ, ಕಂಪನಿಯಾವ್ರು ಇದನ್ನೆಲ್ಲ ಟನ್ ಲೆಕ್ಕದಾಗ ಬರದಿರತಾರ್ರಿ."

"ಬರೀಲಿ ಬಿಡ್ರಿ. ಟನ್ ಹೊತ್ಕೊಂಡು ಬೀಗರ ಮನಿಗೆ ಯಾರ ಹೊಕ್ಕಾರ?"

ಎತ್ತಿನ ಚಿತ್ರ

ಬಣ್ಣಕ್ಕೆ ಬೈಲಹೊಂಗಲದಿಂದ ಒಬ್ಬ ಪೇಂಟರ್ ಬರುತ್ತಾರೆ. ಕೈ ಚೆನ್ನಾಗಿದೆ, ಸಿಟ್ಟು ಮೂಗಿನ ತುದಿಯಲ್ಲಿದೆ. ಕಾಕಾಗೆ ಗಾಡಿಯ ಹಿಂದಿನ ಬಾಗಿಲ ಮೇಲೆ ಜೋಡೆತ್ತಿನ ಚಿತ್ರ ಬೇಕಿತ್ತು. ಪೇಂಟರ್ ಯಾವಾಗಿನಂತೆ ಎರಡು ಬಿಳಿ ಎತ್ತು ಬರೆದರು. ಕಾಕಾ ನೋಡಿದವರೇ ಮುಖ ಗಂಟಿಕ್ಕಿದರು.

"ಇವು ಯಾರ ಎತ್ತು?"

"ಯಾರವೂ ಅಲ್ರಿ. ಚಿತ್ರ. ಎಲ್ಲಾರ ಗಾಡಿಗೂ ಇವ್ನ ಬರೀತೇನಿ."

"ಬ್ಯಾರೆದಾವ್ರ ಎತ್ತು ನನ್ನ ಗಾಡಿ ಮ್ಯಾಲೆ ಯಾಕ ನಿಂದ್ರಬೇಕು? ನಮ್ಮವ ಬರೀರಿ."

ಪೇಂಟರ್ ಬ್ರಷ್ ಡಬ್ಬಿಯಲ್ಲಿ ಎಸೆದು, ಹಾಗಾದರೆ ನಿಮ್ಮ ಎತ್ತುಗಳ ಫೋಟೋ ಕೊಡಿ ಎಂದರು. ಕಾಕಾ ಮೊಬೈಲಿನಲ್ಲಿ ಬಹಳ ಹೊತ್ತು ಹುಡುಕಿದರು. ಫೋನಿನ ತುಂಬ ಮಗಳ ಫೋಟೋಗಳೇ ಇದ್ದವು. ಕೊನೆಗೆ ಒಂದು ಸಿಕ್ಕಿತು, ಮಗಳು ಎರಡು ಎತ್ತುಗಳ ನಡುವೆ ನಗುತ್ತ ನಿಂತಿದ್ದಳು. ಕಾಕಾ ಅದನ್ನೇ ಕೊಟ್ಟು, ಮಗಳನ್ನು ಬಿಟ್ಟು ಎತ್ತು ಮಾತ್ರ ಬರೆಯಿರಿ ಎಂದರು.

ಪೇಂಟರ್ ಹಟಕ್ಕೆ ಬಿದ್ದವರಂತೆ ಬರೆದರು. ಕೋಡಿನ ತಿರುವು, ಹಣೆಯ ಮೇಲಿನ ಕಪ್ಪು ಮಚ್ಚೆ, ಒಂದು ಕಿವಿಯ ಹರಕು, ಎಲ್ಲವೂ ಫೋಟೋದಲ್ಲಿದ್ದ ಹಾಗೆಯೇ ಬಂತು. ಕಾಕಾ ದೂರ ನಿಂತು ನೋಡಿ, ಹತ್ತಿರ ಬಂದು ನೋಡಿ, ಈಗ ಜೀವ ಬಂತು ನೋಡ್ರಿ ಎಂದು ಪೇಂಟರ್ ಬೆನ್ನು ತಟ್ಟಿದರು. ಅಷ್ಟರಲ್ಲಿ ಚಿಗವ್ವ ಬಂದು ಬಾಗಿಲ ಮುಂದೆ ನಿಂತರು.

"ನೋಡ್ರಿ ಇಲ್ಲೆ. ಇವು ನಮ್ಮವಲ್ಲ, ಹೂಲಿ ಬೀಗರ ಎತ್ತು. ಲಗ್ನದಾಗ ನೋಡಿ, ಇವು ಮಾರಿಗೆ ಛಲೋ ಇಲ್ಲ ಅಂದಿದ್ರಿ."

ಗಿರಣಿ

ಗಾಡಿ ಒಯ್ದು ಕೆಲವು ದಿನಗಳಾಗಿದ್ದವು. ಬೀಗರ ಮನೆಗೆ ಹೋಗುವ ಮುಂಚೆ ಒಮ್ಮೆ ನೋಡೋಣವೆಂದು ಚಿಗವ್ವ ಒಂದು ಬುಟ್ಟಿ ಕಡಕ್ ರೊಟ್ಟಿ ಕಟ್ಟಿ, ಅದೊಂದನ್ನೇ ಪಿಕಪ್ಪಿನಲ್ಲಿಟ್ಟು, ತೋರಗಲ್ಲಿನ ತಂಗಿಯ ಮನೆಗೆ ಕಾಕಾನ ಜೊತೆ ಕಳಿಸಿದರು. ಆ ಬುಟ್ಟಿ ಮರುದಿನ ನನ್ನ ಗ್ಯಾರೇಜಿಗೆ ಬಂತು. ಜೊತೆಗೆ ಚಿಗವ್ವನೂ ಬಂದರು. ಕಾಕಾ ಸ್ವಲ್ಪ ಹಿಂದೆ, ಒಟ್ಟಿದ ಹಳೇ ಟೈರುಗಳ ಮರೆಯಲ್ಲಿ ನಿಂತರು.

ಚಿಗವ್ವ ಬುಟ್ಟಿಯ ಬಟ್ಟೆ ಸರಿಸಿದರು. "ಏನ್ರಿ ಇದು?"

"ರೊಟ್ಟಿ ಮುರದಾವ್ರಿ" ಎಂದೆ.

"ಮುರದಿಲ್ಲ, ಬೀಸ್ಯಾವ. ಜ್ವಾಳ ಬೀಸಿ ಹಿಟ್ಟು ಮಾಡಿ, ಹಿಟ್ಟು ಬಡದು ರೊಟ್ಟಿ ಮಾಡೀನಿ. ನಿಮ್ಮ ಗಾಡಿ ಹೊಳ್ಳಿ ಹಿಟ್ಟು ಮಾಡಿ ಕೊಟ್ಟೈತಿ."

ತಪ್ಪು ಪಾಟಾದ್ದಲ್ಲ, ಅದರ ಮೇಲೆ ಭಾರವಿಲ್ಲದ್ದು ಎಂದು ವಿವರಿಸಿದೆ. ಅಷ್ಟೊಂದು ಪಾಟಾದ ಮೇಲೆ ಒಂದು ಬುಟ್ಟಿ ರೊಟ್ಟಿ ಇಟ್ಟರೆ ಅದು ಬಗ್ಗುವುದಿಲ್ಲ, ಕಲ್ಲು ಸಿಕ್ಕಿದಾಗಲೆಲ್ಲ ಎತ್ತಿ ಒಗೆಯುತ್ತದೆ. ಸರಿಯಾಗಿ ಭಾರ ಹೇರಿದರೆ ತೊಟ್ಟಿಲಿನ ಹಾಗೆ ಹೋಗುತ್ತದೆ. ಚಿಗವ್ವ ನಾಲ್ಕು ಪಾಟಾ ಬಿಚ್ಚಿ ಒಗೆಯಿರಿ ಎಂದರು. ಟೈರುಗಳ ಮರೆಯಿಂದ ಕಾಕಾನ ದನಿ ಬಂತು, ಒಂದನ್ನೂ ಮುಟ್ಟಬೇಡಿ ಎಂದು. ಗಂಡಹೆಂಡಿರ ಜಗಳ ಶುರುವಾಯಿತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಕೇಳಿದರು. ನಮ್ಮ ಮಿಸ್ತ್ರಿ ಇಬ್ಬರಿಗೂ ಹೌದೆನ್ನುತ್ತ, ಒಂದು ಸಲ ಬೋಲ್ಟ್ ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುವುದು, ಒಂದು ಸಲ ಕೆಳಗಿಡುವುದು ಮಾಡುತ್ತಿದ್ದ.

ಕೊನೆಗೆ ನಾನೇ ದಾರಿ ಸೂಚಿಸಿದೆ. ಹೂಲಿಗೆ ಹೋಗುವ ದಿನ ಗಾಡಿಯ ತಳಕ್ಕೆ ಗರಸು ಹೇರುವುದು. ಹೊಲದ ದಾರಿಗೆ ಹಾಕುವ ಆ ಕೆಂಪು ಮಣ್ಣು ಸುರೇಬಾನದಲ್ಲಿ ಬೇಕಾದಷ್ಟಿದೆ. ಅದರ ಮೇಲೆ ತಾಡಪತ್ರಿ ಹಾಸಿ, ಹುಲ್ಲು ಹರಡಿ, ಬುತ್ತಿ ಇಡುವುದು. ಗಾಡಿ ಕುಣಿಯುವುದಿಲ್ಲ, ರೊಟ್ಟಿ ಮುರಿಯುವುದಿಲ್ಲ. ಇಬ್ಬರೂ ಒಪ್ಪಿದರು. ಹೋಗುವಾಗ ಚಿಗವ್ವ ಬುಟ್ಟಿಯನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಇದನ್ನ ನೀವ ಇಟ್ಕೋರಿ. ನೀರ ಹಾಕಿ ನಾದಿ ಹೊಳ್ಳಿ ಬಡೀರಿ, ರೊಟ್ಟಿ ಆಗತಾವ."

ಬೀಗರ ಉಪಚಾರ

ಕುಬಸದ ದಿನ ಕಾಕಾ ನನ್ನನ್ನೂ ಕರೆದರು. ಪ್ರೀತಿಯಿಂದಲ್ಲ. "ಒಂದ ರೊಟ್ಟಿ ಮುರದ್ರೂ ಬೀಗತಿಗೆ ನೀವ ಉತ್ತರಾ ಕೊಡಬೇಕು" ಎಂದರು. ಗರಸಿನ ಮೇಲೆ ಬುತ್ತಿ, ಬುತ್ತಿಯ ಸುತ್ತ ಮೂವರು ಮುತ್ತೈದೆಯರು, ಮೂಲೆಯಲ್ಲಿ ನಾನು. ಚಿಗವ್ವ ಮುಂದೆ ಕಾಕಾನ ಪಕ್ಕ ಕುಳಿತರು. ಗಾಡಿ ಹೂಲಿಯವರೆಗೆ ತೂಕಡಿಕೆ ಬರುವಷ್ಟು ಮೆತ್ತಗೆ ಹೋಯಿತು. ಬುಟ್ಟಿ ಬಿಚ್ಚಿದಾಗ ಕರ್ಚಿಕಾಯಿಯ ಅಂಚು ಕೂಡ ಮುಕ್ಕಾಗಿರಲಿಲ್ಲ. ಓಣಿಯ ಹೆಂಗಸರು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು ನೋಡಿ ತಲೆದೂಗಿದರು. ಚಿಗವ್ವ ನನ್ನ ಕಡೆ ನೋಡಿ ಒಮ್ಮೆ ನಕ್ಕರು. ನನಗೂ ಬಹಳ ಸಮಾಧಾನವಾಯಿತು.

ಹೂಲಿಯ ಬೀಗರು, ಎಂದರೆ ಹುಡುಗಿಯ ಮಾವ, ದೊಡ್ಡ ಆಳು. ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುತ್ತಿತ್ತು. ಮನಸ್ಸೂ ಹಾಗೆಯೇ ದೊಡ್ಡದು. ಗಾಡಿಯ ಹಿಂದಿನ ಚಿತ್ರ ನೋಡಿ, "ಏ ಬೀಗ್ರ, ನಮ್ಮ ಎತ್ತಿನ ಮ್ಯಾಲೆ ಇಷ್ಟ ಪ್ರೀತಿ ಐತೇನು ನಿಮಗ!" ಎಂದು ಕಾಕಾನನ್ನು ತಬ್ಬಿಕೊಂಡರು. ಕಾಕಾ ಚಿಗವ್ವನ ಕಡೆ ನೋಡುತ್ತ ತಬ್ಬಿಸಿಕೊಂಡರು.

ಹುಡುಗಿ ಹಸಿರು ಸೀರೆ ಉಟ್ಟು, ದಂಡಿ ಕಟ್ಟಿಕೊಂಡು, ಚೌಕಿಯ ಮೇಲೆ ಕುಳಿತಿದ್ದಳು. ಹಾಡು, ಆರತಿ, ಉಡಿ ತುಂಬುವುದು ಎಲ್ಲ ಮುಗಿಯಿತು. ನಾವು ಊಟಕ್ಕೆ ಕುಳಿತೆವು. ಬಡಿಸುವವರು ಹೋಳಿಗೆಯ ಮೇಲೆ ಹೋಳಿಗೆ ಹಾಕುತ್ತಿದ್ದರು. ಬೀಗರು ಮಾತ್ರ ಆಗಾಗ ಹೊರಗೆ ಹೋಗಿ ಏನೋ ಹೇಳಿ ಬರುತ್ತಿದ್ದರು. ಕೈ ತೊಳೆಯಲು ಹೊರಗೆ ಬಂದಾಗ ನೋಡಿದರೆ, ಅವರ ಮನೆಯ ಅಂಗಳವೆಲ್ಲ ಕೆಂಪಾಗಿತ್ತು. ಗಾಡಿ ಖಾಲಿಯಾಗಿತ್ತು.

ಕಾಕಾ ಓಡಿ ಗಾಡಿಯೊಳಗೆ ಇಣುಕಿದರು. ಬೀಗರು ಅವರ ಹೆಗಲ ಮೇಲೆ ಕೈ ಹಾಕಿದರು.

"ಮಳಿಗಾಲದಾಗ ನಮ್ಮ ಅಂಗಳ ರಾಡಿ ಆಗತೈತಿ ಅಂತ ಮಗಳು ಫೋನಿನ್ಯಾಗ ಹೇಳಿರಬೇಕು, ಹೌದಿಲ್ಲೊ? ಬುತ್ತಿ ಜೋಡಿ ಗರಸು ತಂದ ಬೀಗರನ್ನ ನಾ ಈ ಸೀಮ್ಯಾಗ ಕಂಡಿಲ್ಲ!"

ಮಜ್ಜಿಗೆಯ ಗ್ಲಾಸು

ಹೊರಡುವ ಹೊತ್ತಾಯಿತು. ಹುಡುಗಿಯ ಅತ್ತೆ ಹೊರಗೆ ಬಂದರು. ನಮ್ಮ ಕಾಕಾಗೆ ಅವರು ಬೀಗತಿ. ಸಣ್ಣ ಮೈಯ ಹೆಂಗಸು, ಮಾತು ಕಡಿಮೆ, ಆಡಿದರೆ ಅದೇ ಕೊನೆಯ ಮಾತು. ಅವರ ಕೈಯಲ್ಲಿ ಅಂಚಿನವರೆಗೆ ತುಂಬಿದ ಒಂದು ಗ್ಲಾಸು ಮಜ್ಜಿಗೆ ಇತ್ತು.

"ಬಸರಿ ಹೆಣ್ಣಮಗಳನ್ನ ಕಳಸಾಕತ್ತೇನಿ. ಮೊದಲ ನಾ ಒಂದ ಸುತ್ತ ಕುಂತ ನೋಡತೇನಿ. ಈ ಮಜ್ಜಗಿ ತುಳಕಬಾರ್ದು."

ಕಾಕಾ ನನ್ನ ಮುಖ ನೋಡಿದರು. ನಾನು ಗಾಡಿಯ ಹಿಂಭಾಗ ನೋಡಿದೆ. ಭಾರವಿಲ್ಲದೆ ಅದು ಒಂದು ಗೇಣು ಮೇಲೆದ್ದು ನಿಂತಿತ್ತು. ಹೇಳುವಂತಿಲ್ಲ, ಬಿಡುವಂತಿಲ್ಲ. ಬೀಗತಿ ಆಗಲೇ ಮುಂದೆ ಹತ್ತಿ ಕುಳಿತಿದ್ದರು. ಕಾಕಾ ದೇವರನ್ನು ನೆನೆದು ಗಾಡಿ ಎಬ್ಬಿಸಿದರು. ಹೂಲಿಯ ಹಳೇ ಗುಡಿಗಳ ಕಡೆಯ ರಸ್ತೆ ಹಿಡಿದು ಹೋದ ಗಾಡಿ ಹೋಗುವಾಗಲೂ ಕೇಳಿಸಿತು, ಬರುವಾಗಲೂ ಕೇಳಿಸಿತು. ಬೀಗತಿ ಇಳಿದಾಗ ಗ್ಲಾಸು ಖಾಲಿ ಇತ್ತು. ಮಜ್ಜಿಗೆ ಅವರ ಸೀರೆಯ ಮೇಲೆ ಇತ್ತು, ಮೂಗುತಿಯ ಮೇಲೆ ಇತ್ತು, ಒಂದು ಕರಿಬೇವಿನ ಎಲೆ ಹಣೆಯ ಮೇಲೆ ಅಂಟಿತ್ತು.

ಯಾರೂ ನಗಲಿಲ್ಲ. ನಗುವ ಧೈರ್ಯ ಯಾರಿಗೂ ಇರಲಿಲ್ಲ.

"ನನ್ನ ಸೊಸಿ ಈ ಗಾಡ್ಯಾಗ ಬರಂಗಿಲ್ಲ" ಎಂದರು ಬೀಗತಿ.

ಅಳಿಯ ಮುಂದೆ ಬಂದು ಮೆಲ್ಲಗೆ, "ಸವದತ್ತಿಯಿಂದ ಒಂದ್ ಕಾರ್ ತರಸ್ಲೇನ್ರಿ ಮಾವಾರ?" ಎಂದ. ಬಾಡಿಗೆ ಕಾರು. ಕಾಕಾನ ಮುಖ ಸಣ್ಣಗಾಯಿತು. ಗಾಡಿಯ ಬಾಗಿಲು ಹಿಡಿದು ನಿಂತವರು ಕೈ ಬಿಡಲಿಲ್ಲ. ಅಷ್ಟು ದಿನ ಅವರ ಹಟಕ್ಕೆ ನಕ್ಕಿದ್ದ ನನಗೆ ಆಗ ನಿಜವಾಗಿಯೂ ಸಂಕಟವಾಯಿತು. ಹುಡುಗಿ ಹೊಸ್ತಿಲಲ್ಲಿ ಚೀಲ ಹಿಡಿದು ನಿಂತಿದ್ದಳು.

"ನಾ ಅಪ್ಪನ ಗಾಡ್ಯಾಗ ಹೋಗತೇನಿ" ಎಂದಳು. ಅಷ್ಟು ಹೇಳಿ ಕಣ್ಣೊರೆಸಿಕೊಂಡಳು.

ನಾನು ಬಾಯಿ ಬಿಡಲೇಬೇಕಾಯಿತು. ಗಾಡಿಯಲ್ಲಿ ದೋಷವಿಲ್ಲ, ಭಾರ ಬೇಕು, ಬರುವಾಗ ಗರಸು ಇದ್ದುದರಿಂದ ರೊಟ್ಟಿ ಕೂಡ ಮುರಿಯಲಿಲ್ಲ ಎಂದೆ. ಬೀಗರಿಗೆ ಆಗ ಅರ್ಥವಾಗಿ ನಾಲಗೆ ಕಚ್ಚಿಕೊಂಡರು. ಗರಸನ್ನು ಮತ್ತೆ ಹೇರಿಸುತ್ತೇನೆ ಎಂದು ಆಳುಗಳನ್ನು ಕರೆಯಲು ಹೊರಟರು. ಬೀಗತಿ ಬೇಡವೆಂದರು. ಬಸುರಿ ಹೊರಡುವಾಗ ಅಂಗಳದ ಮಣ್ಣು ಅಗೆಯಬಾರದಂತೆ. ಹಾಗಾದರೆ ಜೋಳದ ಚೀಲ ಹೇರೋಣವೆಂದೆ. ಅದಂತೂ ಆಗುವುದೇ ಇಲ್ಲವಂತೆ. ಮನೆಯ ಲಕ್ಷ್ಮಿ ತವರಿಗೆ ಹೊರಟ ದಿನ ಅವಳ ಹಿಂದೆಯೇ ಕಾಳೂ ಹೊರಟರೆ ಮನೆಯಲ್ಲಿ ಏನು ಉಳಿಯಿತು? ಕಲ್ಲು ಹೇರಿದರೆ ಇನ್ನೂ ಕೆಟ್ಟದ್ದಂತೆ. ಭಾರವಾದದ್ದಕ್ಕೆಲ್ಲ ಒಂದೊಂದು ಅಡ್ಡಿ ಬಂತು.

ಬೀಗರು ಅಂಗಳದ ನಡುವೆ ನಿಂತು ಯೋಚಿಸಿದರು. ಆಮೇಲೆ ಧೋತರ ಎತ್ತಿ ಕಟ್ಟಿ, ಹಿಂದಿನ ಬಾಗಿಲ ಚೌಕಟ್ಟು ಹಿಡಿದು, ಗಾಡಿ ಹತ್ತಿ ಕುಳಿತರು. ಗಾಡಿ ನಾಲ್ಕು ಬೆರಳು ಇಳಿಯಿತು.

"ಮಾಲಕರ, ಸಾಕೇನ್ರಿ?"

ನಾನು ಬಗ್ಗಿ ಪಾಟಾ ನೋಡಿದೆ. "ಛಲೋ ಆತ್ರಿ. ಇನ್ನೂ ಬೇಕ್ರಿ."

ಬೀಗರ ತಮ್ಮ ಹತ್ತಿದರು. ತಮ್ಮನ ಹೆಂಡತಿ ಹತ್ತಿದರು. ಅವರ ಹಿಂದೆ ಬೀಗರ ಇಬ್ಬರು ಅಕ್ಕಂದಿರು ಎಲೆ ಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದರು. ಬುತ್ತಿ ನೋಡಲು ಬಂದ ಓಣಿಯವರೂ ಕೆಲವರು ಸುರೇಬಾನ ನೋಡಿಲ್ಲವೆಂದು ಹತ್ತಿದರು. ಅಳಿಯನೂ ಹತ್ತಿದ. ನಾನು ಕೆಳಗೆ ಕುಳಿತು ಇನ್ನೂ, ಇನ್ನೂ ಎನ್ನುತ್ತಲೇ ಇದ್ದೆ. ತೆಳ್ಳಗಿನವರು ಹತ್ತಲು ಬಂದರೆ ಬೀಗರೇ ಕೈ ಅಡ್ಡ ಮಾಡಿ, ನೀ ಇಳಿ, ನಿಮ್ಮಣ್ಣನ್ನ ಕಳಸು ಎನ್ನುತ್ತಿದ್ದರು. ಕೊನೆಗೆ ಪಾಟಾ ಬಗ್ಗಿತು.

ಬೀಗತಿ ಸೀರೆ ಬದಲಿಸಿ, ಗ್ಲಾಸು ತುಂಬಿಸಿಕೊಂಡು ಮತ್ತೆ ಬಂದರು. ಅದೇ ಗುಡಿಯ ರಸ್ತೆ, ಅದೇ ಕಲ್ಲುಗಳು. ನಾವು ಮೂಲೆಯಲ್ಲಿ ನಿಂತು ಕಾಯುತ್ತಿದ್ದೆವು. ಚಿಗವ್ವ ಮಗಳ ಕೈ ಹಿಡಿದಿದ್ದರು. ಗಾಡಿ ಸದ್ದಿಲ್ಲದೆ ಬಂದು ನಿಂತಿತು. ಬೀಗತಿ ಇಳಿದರು, ತುಂಬಿದ ಗ್ಲಾಸನ್ನು ಎಲ್ಲರಿಗೂ ತೋರಿಸಿದರು, ನಿಂತಲ್ಲೇ ಗಟಗಟ ಕುಡಿದರು.

"ಈಗ ಹೊಂಡ್ರಿ. ನಾನೂ ಬರತೇನಿ, ಹಿಂದ ಕುಂದ್ರತೇನಿ. ಯಾರೂ ನಡುವ ಇಳೀಬಾರ್ದು."

ಹುಡುಗಿ ಅಪ್ಪನ ಪಕ್ಕ ಕುಳಿತಳು. ದಾರಿಯುದ್ದಕ್ಕೂ ಕಾಕಾ ಎದೆ ಸೆಟೆಸಿ ಓಡಿಸಿದರು, ಎದುರಿಗೆ ಬಂದವರಿಗೆಲ್ಲ ಹಾರ್ನ್ ಹೊಡೆದರು. ಹಿಂದೆ ನಾವು ಚೀಲ ಹೇರಿದ ಹಾಗೆ ಒತ್ತೊತ್ತಾಗಿ ಕುಳಿತಿದ್ದೆವು. ಸುರೇಬಾನ ಮುಟ್ಟಿದಾಗ ಹುಡುಗಿ ನಗುತ್ತ ಇಳಿದು, ಗಾಡಿಯಲ್ಲಿ ನಿದ್ದೆ ಬಂದಿತ್ತು ಎಂದಳು. ಕಾಕಾ ಬೇರೆ ಕಡೆ ತಿರುಗಿ ರುಮಾಲಿನಿಂದ ಕಣ್ಣು ಒರೆಸಿಕೊಂಡರು. ಅವರು ಅಂದುಕೊಂಡದ್ದು ಆಗಿತ್ತು. ನನಗೂ ಸಂತೋಷವಾಯಿತು, ರಾಮದುರ್ಗದ ಬಸ್ಸು ಹಿಡಿದು ಮನೆಗೆ ಬಂದೆ.

ಅದಾದ ಹದಿನೈದು ದಿನಕ್ಕೆ ಕಾಕಾ ಗಾಡಿ ತಗೊಂಡು ಗ್ಯಾರೇಜಿಗೆ ಬಂದರು. ಮುಖ ಸೊರಗಿತ್ತು. ಹಿಂದೆ ಗಾಡಿಯ ತುಂಬ ಹೂಲಿಯವರು ಕುಳಿತಿದ್ದರು, ನಡುವೆ ಬೀಗರು. ಮುಂದೆ ಚಿಗವ್ವ ಮತ್ತು ಮಗಳು. ಬೀಗರು ನನ್ನನ್ನು ಕಂಡು ಕೈ ಎತ್ತಿ ನಮಸ್ಕಾರ ಮಾಡಿದರು.

"ಇದೇನ್ರಿ ಕಾಕಾ, ಬೀಗರು ಇನ್ನೂ ಇಲ್ಲೇ ಅದಾರ?"

ಕಾಕಾ ನನ್ನನ್ನು ಟೈರುಗಳ ಮರೆಗೆ ಎಳೆದುಕೊಂಡು ಹೋದರು. ಮಗಳನ್ನು ರಾಮದುರ್ಗದ ಡಾಕ್ಟರ ಹತ್ತಿರ ಆಗಾಗ ತೋರಿಸಬೇಕು. ಭಾರವಿಲ್ಲದ ಗಾಡಿಯಲ್ಲಿ ಸೊಸೆಯನ್ನು ಕೂರಿಸಬಾರದೆಂದು ಬೀಗತಿಯ ಕಟ್ಟಪ್ಪಣೆ. ಚೀಲ ಹೇರುತ್ತೇನೆ ಎಂದರೆ ಬೀಗರು ಕೇಳುವುದಿಲ್ಲ, ನಾವಿರುವಾಗ ಚೀಲ ಯಾಕೆ ಎನ್ನುತ್ತಾರೆ. ಹೆರಿಗೆಯಾಗುವವರೆಗೆ ಗಾಡಿಯ ಜವಾಬ್ದಾರಿ ತಮ್ಮದು ಎಂದು ಹೂಲಿಯವರೆಲ್ಲ ಕಾಕಾನ ಮನೆಯಲ್ಲಿಯೇ ಉಳಿದಿದ್ದಾರೆ. ಮುಂಜಾನೆ ಉಪ್ಪಿಟ್ಟು, ಮಧ್ಯಾಹ್ನ ಹೋಳಿಗೆ, ಸಂಜೆ ಮಿರ್ಚಿ ಭಜಿ. ದಿನದಿನಕ್ಕೆ ಅವರ ತೂಕ ಹೆಚ್ಚುತ್ತಿದೆ, ಗಾಡಿ ಇನ್ನಷ್ಟು ಮೆತ್ತಗೆ ಹೋಗುತ್ತಿದೆ, ಬೀಗತಿ ಇನ್ನಷ್ಟು ಖುಷಿಯಾಗುತ್ತಿದ್ದಾರೆ.

"ಮಾಲಕರ, 'ಇನ್ನೊಂದು ಹಾಕ್ರಿ' ಅಂದಾವ ನಾನ. ಈಗ ಪಾಟಾ ತಗೀರಿ" ಎಂದರು ಕಾಕಾ.

ನಮ್ಮ ಮಿಸ್ತ್ರಿ ಪಾನಾ ತೆಗೆದುಕೊಂಡು ಬಂದ. "ಎಷ್ಟ ತಗೀಲ್ರಿ ಕಾಕಾ?"

ಕಾಕಾ ಒಮ್ಮೆ ಇಣುಕಿ ಗಾಡಿಯ ಕಡೆ ನೋಡಿ, ದನಿ ತಗ್ಗಿಸಿದರು.

"ಬೀಗರು ಹೂಲಿಗೆ ಹೋಗೂವಷ್ಟು."